ವಾರಗಿತ್ತಿ ತಂದ ಆಕಾಶ

ಮಾರ್ಚ್ 4, ಸೋಮವಾರ

ಮತ್ತೆ ಅದೇ ಫ್ಲೈಓವರ್. ಬೆಳಗಿನಿಂದ ಎಷ್ಟನೇ ಸಲವೋ. ನೆಲಮಾಳಿಗೆಯ ಲ್ಯಾಬಿಗೆ ಜಿಪಿಎಸ್ ಸ್ಯಾಟಲೈಟ್ ಸಿಗ್ನಲ್ ಇಳಿಯುವುದಿಲ್ಲ. ವಾರಗಿತ್ತಿ ಕಾರಿನ ಮೇಲೆ ಆಂಟೆನಾ ಕೂರಿಸಿ ಊರು ಸುತ್ತುತ್ತಾಳೆ, ಸಿಗ್ನಲ್ ರೆಕಾರ್ಡ್ ಮಾಡಿ ತರುತ್ತಾಳೆ. ಇಲ್ಲಿ ಅದನ್ನು ರಿಪ್ಲೇ ಮಾಡುವುದು ನನ್ನ ಪಾಲು. ಮೇಜಿನ ಮೇಲಿನ, ದಾರಿ ತೋರಿಸುವ ರಿಸೀವರ್‌ಗಳು ತಾವು ರಸ್ತೆಯಲ್ಲಿ ಓಡುತ್ತಿದ್ದೇವೆಂದು ನಂಬುತ್ತವೆ. ನಾನು ಮಾತ್ರ ಟ್ಯೂಬ್‌ಲೈಟಿನ ಕೆಳಗೆ.

ಅವಳಿಗೆ ಈ ಆಫೀಸು ತೋರಿಸಿದವಳು ನಾನೇ. ಮೈದುನನ ಹೆಂಡತಿ, ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ ಎಂದು. ಆಮೇಲೆ ಕಾರಿನ ಕೆಲಸದ ಜಾಗ ಖಾಲಿಯಾಯಿತು. ನನಗೆ ಬೇಕೆಂದು ಕೇಳಿದೆ. ಬಾಸ್ ಅವಳಿಗೆ ಕೊಟ್ಟರು.

ಮಾರ್ಚ್ 7, ಗುರುವಾರ, ಸಂಜೆ

ಮನೆಯಲ್ಲಿ ಟೀ ಹೊತ್ತಿಗೆ ಅವಳದೇ ದರ್ಬಾರು. ಟ್ರಾಫಿಕ್ ಪೊಲೀಸ್ ಒಬ್ಬ ಆಂಟೆನಾ ನೋಡಿ, ಕಾರಿನ ಮೇಲೆ ಅಣಬೆ ಬೆಳೆಸಿದ್ದೀರಾ ಎಂದು ಕೇಳಿದನಂತೆ. ಅತ್ತೆ ಬಿದ್ದು ಬಿದ್ದು ನಕ್ಕರು. ನನ್ನ ಮಾತಿಗೆ ಅತ್ತೆ ಹಲ್ಲು ಬಿಟ್ಟ ನೆನಪಿಲ್ಲ. ನಮ್ಮವರೂ ನಕ್ಕರು. ನಿನ್ನ ಕೆಲಸದಲ್ಲಿ ತಮಾಷೆ ಏನೂ ಇಲ್ಲವಾ ಎಂದರು. ಎದ್ದು ಹೋಗಿ ಪಾತ್ರೆ ತೊಳೆದೆ — ಸದ್ದು ಮಾಡಿಯೇ.

ಹೊಟ್ಟೆಯುರಿ. ಬರೆದರೆ ಕಡಿಮೆಯಾದೀತು ಅಂದುಕೊಂಡೆ. ಇಲ್ಲ.

ಮಾರ್ಚ್ 12, ಮಂಗಳವಾರ

ಸೇತುವೆಯ ರೆಕಾರ್ಡಿಂಗ್ ಕೆಟ್ಟಿದೆ. ಸಿಗ್ನಲ್ ಹಿಗ್ಗಿಸುವ ಗೇನ್ ವಿಪರೀತ ಏರಿಸಿಬಿಟ್ಟಿದ್ದಾಳೆ. ಮೈಕಿಗೆ ಬಾಯಿ ಹಚ್ಚಿ ಕಿರುಚಿದ ಹಾಗೆ. ಗ್ರಾಫಿನ ತಲೆಗಳೆಲ್ಲ ಕತ್ತರಿಸಿದಂತೆ ಚಪ್ಪಟೆ. ಇದನ್ನು ರಿಪ್ಲೇ ಮಾಡಿದರೆ ಎಂಥ ರಿಸೀವರ್ ಆದರೂ ದಾರಿ ತಪ್ಪುತ್ತದೆ. ನಾಳೆ ಗಿರಾಕಿಗಳ ಮುಂದೆ ತೋರಿಸುವುದು ಇದನ್ನೇ. ತೋರಿಸುವವಳು ಅವಳೇ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೆಟ್ಟಿಲವರೆಗೂ ಹೋದೆ. ಮೇಲೆ ಬಾಸ್ ಜೊತೆ ಅವಳ ನಗು ಕೇಳಿಸಿತು... ವಾಪಸ್ ಬಂದು ಕೂತೆ.

ಮಾರ್ಚ್ 13, ಬುಧವಾರ

ಪರದೆಯ ಮೇಲೆ ಸೇತುವೆ ಬಂತು. ನಮ್ಮ ರಿಸೀವರ್ ಕಾರನ್ನು ನೇರ ನದಿಗೆ ಇಳಿಸಿತು. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಒಂದು ಗಳಿಗೆ ನನಗೆ ಹಾಲು ಕುಡಿದಷ್ಟು ಸಂತೋಷ.

ಅವಳು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ನಿಂತಳು.

"ರಿಸೀವರ್ ತಪ್ಪಲ್ಲ ಸರ್. ರೆಕಾರ್ಡಿಂಗೇ ಕೆಟ್ಟಿದೆ. ಮಾಡಿದ್ದು ನಾನು."

ವಾರದೊಳಗೆ ಹೊಸದು ಮಾಡಿ ತೋರಿಸುತ್ತೇನೆ ಎಂದಳು. ಗಿರಾಕಿಗಳಲ್ಲಿ ಹಿರಿಯರೊಬ್ಬರು, ಇಂಥವರು ಸಿಗುವುದು ಕಷ್ಟ ಎಂದು ಬಾಸ್‌ಗೆ ಹೇಳಿದರು. ಬಾಸ್ ಉಬ್ಬಿಹೋದರು.

ಬೀಳಿಸಲು ಹೋಗಿ ಅಟ್ಟಕ್ಕೇರಿಸಿದೆ.

ಮಾರ್ಚ್ 18, ಸೋಮವಾರ

ಬಾಸ್ ಇಬ್ಬರನ್ನೂ ಕಳಿಸಿದರು. ಅವಳು ಸ್ಟಿಯರಿಂಗ್ ಹಿಂದೆ. ಪಕ್ಕದಲ್ಲಿ ನಾನು, ತೊಡೆಯ ಮೇಲೆ ರೆಕಾರ್ಡರ್. ಗೇನ್ ಎಷ್ಟಿಡಬೇಕು ಎಂದು ಕೇಳಿದಳು. ಹೇಳಿಕೊಟ್ಟೆ. ಸಿಗ್ನಲ್ ಲೈಟಿನಲ್ಲಿ ನಿಂತಾಗ, ನನ್ನ ಕಡೆ ತಿರುಗದೆ ಕೇಳಿದಳು.

"ಅಕ್ಕಾ, ಆ ಗ್ರಾಫ್ ನೀವು ಮೊದ್ಲೇ ನೋಡಿದ್ರಾ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಯಾಕೋ ಹೊರಡಲಿಲ್ಲ.

"ನೋಡಿದ್ದೆ."

ಹಸಿರು ಬಂತು. ಗಾಡಿ ಮುಂದಕ್ಕೆ ಬಿಟ್ಟಳು. ಸೇತುವೆಗೆ ಸ್ವಲ್ಪ ಮುಂಚೆ ಗಾಡಿ ಬದಿಗೆ ಹಾಕಿದಳು. ಇಳಿದು ಬಂದು, ನನ್ನ ಬಾಗಿಲು ತೆಗೆದು, ರೆಕಾರ್ಡರ್ ಎತ್ತಿಕೊಂಡಳು.

"ನೀವು ಓಡ್ಸಿ. ಇದು ನನ್ ಹತ್ರಾನೇ ಇರ್ಲಿ."

ಹಿಂದಿನ ಸೀಟಿಗೆ ಹೋಗಿ ಕೂತಳು.

ಇಷ್ಟು ದಿನ ಬಾಯಿಬಿಟ್ಟುಕೊಂಡು ಕಾದ ಜಾಗ. ಕೂತೆ. ಸೀಟಿನಲ್ಲಿ ಅವಳ ಬಿಸಿ ಇನ್ನೂ ಆರಿರಲಿಲ್ಲ. ಕನ್ನಡಿ ಅವಳ ಎತ್ತರಕ್ಕಿತ್ತು. ಸರಿಮಾಡಿಕೊಳ್ಳಲು ಕೈಯಿಟ್ಟೆ. ಅದರೊಳಗೆ ಅವಳ ಕಣ್ಣು — ನನ್ನ ಮೇಲೇ.