ಸಿರಿಯ ಗುರುತೆಂದು ನಂಬಿದ್ದ ಹೊಗೆ

ಶ್ರೀ ಕಾಲಕಾಲೇಶ್ವರನ ದಿವ್ಯಪಾದಗಳನ್ನು ಸ್ಮರಿಸಿ, ವಿಲಂಬಿ ಸಂವತ್ಸರದ ಮಾರ್ಗಶಿರ ಶುದ್ಧ ದಶಮಿಯಂದು, ನಿಮ್ಮ ಮೊದಲ ವರ್ಷದ ಪುಣ್ಯತಿಥಿಯನ್ನು ನೆರವೇರಿಸಿ, ಗಜೇಂದ್ರಗಡದ ನೇಕಾರರ ಓಣಿಯಿಂದ ಬರೆದದ್ದು.

ಪೂಜ್ಯ ಅಣ್ಣನವರ ಸನ್ನಿಧಿಗೆ ತಮ್ಮನ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ಓಣಿಯ ಬೆನ್ನಿಗೆ ಸಾಹುಕಾರ ಗುರಪ್ಪನವರು ಶೇಂಗಾ ಎಣ್ಣೆಯ ಗಿರಣಿ ಹೂಡಿದ ದಿನ ನಿಮಗೆ ನೆನಪಿದೆಯೇ? ಚಿಮಣಿಯಿಂದ ಮೊದಲ ಹೊಗೆ ಎದ್ದಾಗ ಊರಿಗೆ ಊರೇ ಕೈಮುಗಿಯಿತು. ಶಾಸ್ತ್ರ ಓದಿದ ನಾನೂ ಮುಗಿದೆ. ಹೊಗೆ ದಟ್ಟವಾದಷ್ಟೂ ವ್ಯಾಪಾರ ಜೋರೆಂದು ನರಗುಂದದ ವರ್ತಕರು ಊರ ಹೊರಗಿನಿಂದಲೇ ಅಳೆಯುತ್ತಿದ್ದರು. ಅದನ್ನರಿತ ಗುರಪ್ಪನವರು ಬಾಯ್ಲರಿಗೆ ಬೇಕೆಂದೇ ಹೆಚ್ಚು ಹೊಗೆಯಾಡುವ ಹಸಿ ಶೇಂಗಾ ಹೊಟ್ಟು ಹಾಕಿಸುತ್ತಿದ್ದರು.

ಗಂಜಿ ಹಚ್ಚಿದ ಬಿಳಿಯ ನೂಲನ್ನು ಓಣಿಯುದ್ದಕ್ಕೂ ಚಾಚಿದ್ದ ಮುಂಜಾವದಲ್ಲಿ ಅದರ ಮೇಲೆ ಮಸಿ ಮಳೆಯಂತೆ ಸುರಿಯಿತು. ಇಡೀ ಓಣಿಯ ಅನ್ನವೇ ಆ ನೂಲು. ನೀವು ನನ್ನನ್ನು ಕರೆದುಕೊಂಡು ನೇರವಾಗಿ ಗಿರಣಿಗೆ ನಡೆದಿರಿ.

"ಸಾವಕಾರ್ರ, ಹೊಟ್ಟು ಒಣಗಿಸಿ ಹಾಕಸ್ರಿ. ನಮ್ಮ ನೂಲು ಕರ್ರಗಾಗಾಕತ್ತೈತಿ."

"ಅಲ್ಲೋ ಬಸಣ್ಣ, ಹೊಗಿ ತೆಳ್ಳಗಾದ್ರ ಗಿರಣಿ ದಿವಾಳಿ ಆತಂತಾರ ಮಂದಿ!"

"ಹಂಗಾರ ನಾವೂ ಒಲಿಗೆ ಹಸಿ ಕಟಗಿ ತುಂಬತೀವಿ ಬಿಡ್ರಿ. ನಾಳಿಂದ ನಾವೂ ಸಾವಕಾರ್ರು!"

ಗುರಪ್ಪನವರು ನಕ್ಕುಬಿಟ್ಟರು. ನಗುತ್ತಲೇ ಒಪ್ಪಿದರು.

ಮರಳಿ ಬರುವಾಗ ನೀವು ಕೇಳಿದಿರಿ: "ನಿನ್ನ ಶಾಸ್ತ್ರದಾಗ ಹೊಗಿ ಬಗ್ಗೆ ಏನ್ ಹೇಳೈತಿ?" ಧೂಮವನ್ನು ಕಂಡು ಅಗ್ನಿಯನ್ನು ಊಹಿಸಬೇಕೆಂಬುದು ತರ್ಕ, ಎಂದೆ. ಧೂಮವನ್ನು ಕಂಡು ಐಶ್ವರ್ಯವನ್ನು ಊಹಿಸೆಂದು ಯಾವ ಶಾಸ್ತ್ರ ಹೇಳೀತು, ಅಣ್ಣ? ಆದರೂ ಊರೆಲ್ಲ ಊಹಿಸಿತ್ತಲ್ಲ...

ಹೊಟ್ಟು ಅಂಗಳದಲ್ಲಿ ಒಣಗತೊಡಗಿತು, ಹೊಗೆ ತೆಳುವಾಯಿತು. ಗಿರಣಿ ಮುಚ್ಚುತ್ತಿದೆಯೆಂಬ ಸುದ್ದಿ ಹಬ್ಬಿ, ವರ್ತಕರು ಗಾಡಿಗಳನ್ನು ಹಿಂದಕ್ಕೆ ತಿರುಗಿಸಿದರು. ಅಷ್ಟರಲ್ಲಿ ನೀವು ಕಾಯಿಲೆ ಬಿದ್ದಿದ್ದಿರಿ. ಗುರಪ್ಪನವರು ನಿಮ್ಮ ಹಾಸಿಗೆಯ ಬಳಿ ಕುಳಿತು, "ಈ ಸಂತಿ ತನಕಾ ನೋಡ್ತೀನಿ ಬಸಣ್ಣ. ಆಮ್ಯಾಲೆ ಹಸಿ ಹೊಟ್ಟ ಹಾಕ್ಸಾಂವ," ಎಂದರು. ಆ ಸಂತೆ ಬರುವ ಮೊದಲೇ ನೀವು...

ಮುಂದಿನದು ನೀವು ಕೇಳದ ಸುದ್ದಿ. ಸಂತೆಯ ದಿನ ವರ್ತಕರು ಗಿರಣಿಯ ಬಾಗಿಲಲ್ಲಿ ನಿಂತು ಚಿಮಣಿಯನ್ನೇ ದಿಟ್ಟಿಸುತ್ತಿದ್ದರು. ನಿಮ್ಮನ್ನು ಕಳೆದುಕೊಂಡ ದುಃಖದಲ್ಲಿದ್ದ ಅತ್ತಿಗೆಯವರು ಓಣಿಯಿಂದ ಎದ್ದು ಹೋಗಿ, "ಯಪ್ಪಾಗಳಿರಾ, ಹೊಗಿ ಒಯ್ಯಾಕ ಬಂದೀರೋ, ಎಣ್ಣಿ ಒಯ್ಯಾಕ ಬಂದೀರೋ? ಹೊಗಿ ಬೇಕಂದ್ರ ನಮ್ಮ ಒಲಿ ಮುಂದ ಬರ್ರಿ, ಪುಕ್ಕಟ ಕೊಡ್ತೀನಿ!" ಎಂದರು. ವರ್ತಕರು ನಾಚಿ ನಕ್ಕು ಒಳಗೆ ಹೋದರು. ಎಣ್ಣೆಯಲ್ಲಿ ಬೆರಳದ್ದಿ ಮೂಸಿದರು. ಸಂಜೆಗೆ ಗಾಡಿಗಳು ತುಂಬಿದವು. ಹಸಿ ಹೊಟ್ಟಿನ ಮಾತನ್ನು ಗುರಪ್ಪನವರು ಮತ್ತೆ ಎತ್ತಲಿಲ್ಲ.

ಈ ಸುಗ್ಗಿಗೆ ಅವರು ಇನ್ನೊಂದು ಗಾಣ ಕೂಡಿಸಿದ್ದಾರೆ. ಕೆಲಸ ಹೆಚ್ಚಿತು, ಕೂಲಿ ಹೆಚ್ಚಿತು. ಹೊಗೆ ಮಾತ್ರ ಮೊದಲಿನಷ್ಟಿಲ್ಲ. ಪೂರ್ತಿ ನಿಂತಿದೆಯೆಂದು ಹೇಳಿದರೆ ನಿಮ್ಮೆದುರು ಸುಳ್ಳಾಡಿದಂತಾದೀತು. ಗಾಳಿ ಇತ್ತ ತಿರುಗಿದ ದಿನ ನೂಲನ್ನು ಇಂದಿಗೂ ಸುತ್ತಿ ಒಳಗೆ ಒಯ್ಯುತ್ತೇವೆ. ಆದರೆ ಈ ಮುಂಜಾನೆ ಅತ್ತಿಗೆಯವರು ಚಾಚಿದ ನೂಲು ಒಂದು ಕಲೆಯೂ ಇಲ್ಲದೆ ಒಣಗಿತು. ಮನಸ್ಸು ತಣ್ಣಗಿದೆ, ಅಣ್ಣ.

ಬಾಯ್ಲರಿಗೆ ಹೊಟ್ಟು ತೂರುವ ಕೈಗಳಿಗೂ, ಮಗ್ಗ ನಡೆಸುವ ಕಾಲುಗಳಿಗೂ, ಸಾಹುಕಾರರಿಗೂ, ವರ್ತಕರಿಗೂ, ಗಾಡಿಯ ಎತ್ತುಗಳಿಗೂ ಆ ಸ್ವಾಮಿಯು ಉಣ್ಣಲು ಅನ್ನವನ್ನೂ ಉಸಿರಾಡಲು ತಿಳಿಗಾಳಿಯನ್ನೂ ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.