ಮುಂದೆ ಎಳೆದ ಸೀಟು

ಅಕ್ಟೋಬರ್ ೯, ಗುರುವಾರ. ಟೊಲೀಡೊ.

ಮೈಯೆಲ್ಲ ಇನ್ನೂ ಉರಿಯುತ್ತಿದೆ. ನನ್ನ ಹಳೆಯ ಪಾಂಟಿಯಾಕ್ ಕಾರಿಗೆ ಬೆಲೆ ಕಟ್ಟಲು ಬಂದ ಕರ್ಟ್ಸ್, ಫ್ಯಾಕ್ಟರಿಯ ಬಣ್ಣವೇ ಇನ್ನೂ ಉಳಿದಿರುವುದನ್ನು ನೋಡಿ ಕಣ್ಣರಳಿಸಿದ.

"ಎಲ್ಲಾ ಹಂಗೇ ಇದೆ ಮೇಡಂ! ನಿಮ್ಮ ಯಜಮಾನ್ರು ರೇಸಲ್ಲಿ ಓಡಿಸ್ತಿದ್ರು ಅಂತ ಮಾರಾಟದ ಜಾಹೀರಾತಲ್ಲಿ ಬರೀತೀನಿ."

"ಓಡಿಸ್ತಿದ್ದಿದ್ದು ನಾನು."

"ಇರ್ಬಹುದು. ಆದ್ರೆ ಗಂಡಸು ಓಡಿಸಿದ್ದು ಅಂದ್ರೆ ಜಾಸ್ತಿ ರೇಟು ಬರುತ್ತೆ."

"ಒಳಗೆ ಕೂತ್ಕೊಂಡು ನೋಡಪ್ಪ," ಎಂದೆ.

ಅವನ ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ನನ್ನ ಗಿಡ್ಡ ಕಾಲಿಗೆಂದು ಮುಂದೆ ಎಳೆದ ಸೀಟು ಅಲ್ಲೇ ತುಕ್ಕು ಹಿಡಿದು ಕೂತಿದೆ. ನನ್ನ ಗಂಡ ವೆಂಡೆಲ್ ಆರಡಿ ಆಳು, ಒಂದು ದಿನವೂ ಅದರಲ್ಲಿ ಕೂತವನಲ್ಲ.

"ಇದನ್ನ ಬಿಚ್ಚಿ ಹಿಂದಕ್ಕೆ ಹಾಕಿಸ್ಲಾ?"

"ಯಾಕೆ, ಎಲ್ಲಾ ಹಂಗೇ ಇದೆ ಅಂತ ಕುಣಿದ್ಯಲ್ಲ?"

ಬೆಲೆ ಇಳಿದರೆ ಇಳಿಯಲಿ. ಕೊಳ್ಳುವ ಗಂಡಸು ಮೊದಲು ನನ್ನ ಸೀಟಿನಲ್ಲಿ ಮೊಣಕಾಲು ಮಡಚಿ ಕೂರಲಿ.