ನನಗೆ ಸಿಗದ ತಪ್ಪು

ಮನೆಯಿಂದ,
ಗುರುವಾರ ಮಧ್ಯಾಹ್ನ

ನನ್ನ ಮೊಂಡು ಸೊಸೆಗೆ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆ? ಅಕ್ಕನ ಮನೆ ಎಂದು ಸಂಕೋಚಪಟ್ಟುಕೊಂಡು ಅರೆಹೊಟ್ಟೆಯಲ್ಲಿ ಏಳಬೇಡ. ನಿನ್ನಕ್ಕನ ಕೈ ಬಡಿಸುವಾಗ ಸ್ವಲ್ಪ ಬಿಗಿ ಎಂದು ನಿನ್ನ ಮದುವೆಯ ದಿನವೇ ನೋಡಿದ್ದೇನೆ, ಈ ಸಾಲನ್ನು ಮಾತ್ರ ಅವಳಿಗೆ ತೋರಿಸಬೇಡ. ನಾನು ಚೆನ್ನಾಗಿದ್ದೇನೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ, ಅಂದರೆ ಲಿಫ್ಟ್ ರಿಪೇರಿಗೆ ಹೋಗುತ್ತಾನೆ, ಬರುತ್ತಾನೆ, ತಟ್ಟೆ ಮುಂದೆ ಕೂತು ಗೋಡೆ ನೋಡುತ್ತಾನೆ. ನಿನ್ನ ಫೋನು ಆರಿಸಿಟ್ಟಿದ್ದೀಯ, ಸರಿ. ಅಕ್ಕನ ಫೋನಿಗೆ ಮಾಡಿ ಹೇಳಿಬಿಡ್ತೀನಿ ಎಂದು ಅವನು ಭಾನುವಾರದಿಂದ ಕುಣಿಯುತ್ತಿದ್ದಾನೆ, ನಾನು ಬಿಡಲಿಲ್ಲ. ಅವನ ಬಾಯಿಗೆ ಬಿದ್ದರೆ ಇಷ್ಟು ದೊಡ್ಡ ಸಂಗತಿ "ಎಲ್ಲ ಸರಿಹೋಯ್ತು ಕಣೇ" ಎಂಬಲ್ಲಿಗೆ ಮುಗಿದುಹೋಗುತ್ತದೆ. ಗೆದ್ದವಳು ನಾನು, ಹೇಳುವವಳೂ ನಾನೇ ಆಗಬೇಕು. ಅದಕ್ಕೇ, ಅವನಿಗೆ ಇವತ್ತು ರಜೆ ಸಿಕ್ಕ ಕೂಡಲೇ, ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ತುಟಿ ಪಿಟಕ್ ಅನ್ನಕೂಡದು ಎಂದು ಆಣೆ ಹಾಕಿಸಿಕೊಂಡಿದ್ದೇನೆ. ಈಗ ಎದುರಿಗೆ ನಿಂತು ಚಡಪಡಿಸುತ್ತಿದ್ದರೆ ನಿಲ್ಲಲಿ ಬಿಡು, ಅವಸರವಿಲ್ಲ.

ಆ ವಿಡಿಯೋವನ್ನು ನಾನೂ ನೋಡಿದೆ ಎಂದು ನಿನಗೆ ಹೇಳಿರಲಿಲ್ಲ. ನೀನು ಈಜು ಕಲಿಸುವ ಕೊಳದ ಬೆಂಚಿನ ಮೇಲೆ ಕೂತ ಯಾರೋ ಪುಣ್ಯಾತ್ಮ ತೆಗೆದದ್ದು. ಮಕ್ಕಳೆಲ್ಲ ನೀರಿನಲ್ಲಿ ಮುಖ ಮುಳುಗಿಸಿ ಅಭ್ಯಾಸ ಮಾಡುತ್ತಿದ್ದಾರೆ. ನೀನು ದಡದಿಂದ ಬಗ್ಗಿ ಒಂದೇ ಒಂದು ಮಗುವಿನ, ಆ ಕಪ್ಪು ಮೈಯ ಪುಟ್ಟ ಹುಡುಗಿಯ ರಟ್ಟೆ ಹಿಡಿದು ಎಳೆಯುತ್ತೀಯ, "ಹೊರಗೆ ಬಾ! ಇವತ್ತು ಇನ್ನು ನೀರಿಗಿಳಿಯೋ ಹಾಗಿಲ್ಲ!" ಎಂದು ಕೂಗುತ್ತೀಯ. ಮಿಕ್ಕ ಮಕ್ಕಳು ನೀರಲ್ಲೇ ಇದ್ದಾರೆ. ಅಲ್ಲಿಗೆ ಮುಗಿಯಿತು. ಮೇಲೆ ಒಂದು ಸಾಲು, "ಕಪ್ಪು ಮಗುವಿಗೆ ಈ ಕೊಳದಲ್ಲಿ ಜಾಗವಿಲ್ಲ." ಅಷ್ಟು ಸಾಕಾಯಿತು ನೋಡು, ನೋಡಿದವರೆಲ್ಲ ನ್ಯಾಯಾಧೀಶರಾಗಿಬಿಟ್ಟರು. ಬಣ್ಣ ನೋಡುವವಳು, ಮಕ್ಕಳ ಹತ್ತಿರ ಬಿಡಬಾರದವಳು, ಇನ್ನೂ ನಾನು ಬರೆಯಲಾರದ ಮಾತುಗಳು. ಭಾನುವಾರ ತಂದೆತಾಯಂದಿರ ಸಭೆ ಕರೆದು ತೀರ್ಮಾನ ಮಾಡ್ತೀವಿ, ಅಲ್ಲಿವರೆಗೆ ಬರಬೇಡಿ ಎಂದು ಮ್ಯಾನೇಜರು ನಿನ್ನನ್ನು ಮನೆಗೆ ಕಳಿಸಿದ. ನೀನೋ, "ಅದು ಹಾಗಲ್ಲ" ಎಂದೆ, ಮತ್ತೆ ಬಾಯಿಗೆ ಹೊಲಿಗೆ ಹಾಕಿಕೊಂಡೆ. ಹೊರಡುವಾಗ ಬಾಗಿಲಲ್ಲಿ ನಿಂತು "ಇನ್ನು ಮೇಲೆ ಯಾವ ಮಗುವಿನ ಕೈಯನ್ನೂ ಹಿಡಿಯೋದಿಲ್ಲ ಅತ್ತೆ" ಎಂದೆಯಲ್ಲ, ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ನಿನಗೆ ಆ ಕೆಲಸ ಎಂದರೆ ಏನೆಂದು ನನಗೆ ಗೊತ್ತು. ಸುಮ್ಮನೆ ಕೂರಲು ಆಗಲಿಲ್ಲ.

ಮಾರನೆಯ ದಿನ ಔಷಧಿ ಅಂಗಡಿಗೆ ಹೋದೆ, ಮಂಡಿಯ ಮುಲಾಮಿಗೆ. ಅಂಗಡಿಯಾಕೆ ಮುಲಾಮು ಕೊಡುವ ಮೊದಲು ಮುಖ ಸಪ್ಪಗೆ ಮಾಡಿಕೊಂಡು, "ಪಾಪ, ನಿಮಗೂ ಎಷ್ಟು ಕಾಟ ಕೊಟ್ಟಿರಬೇಕು ಅವಳು, ಬೆಂಕಿ ಇಲ್ದೆ ಹೊಗೆ ಆಡುತ್ತಾ" ಎಂದಳು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನೀನೇ ಹೇಳುತ್ತೀಯಲ್ಲ, ಅವತ್ತು ಅದು ಅಲ್ಲಿಂದ ಜಿಗಿಯಿತು. ನೋಡಮ್ಮ ಎಂದೆ ಅವಳಿಗೆ, ನಾನು ಮೂವತ್ತು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಅಂಗಿಗಳಲ್ಲಿ ತಪ್ಪು ಹುಡುಕಿದವಳು. ಆಮೇಲೆ ಏಳು ವರ್ಷದಿಂದ ನನ್ನ ಸೊಸೆಯಲ್ಲಿ ಹುಡುಕುತ್ತಿದ್ದೇನೆ. ಬಟ್ಟೆ ಸರಿಯಾಗಿ ಹಿಂಡುವುದಿಲ್ಲ, ಪಾತ್ರೆಗೆ ಮುಚ್ಚಳ ಹಾಕುವುದಿಲ್ಲ, ಒದ್ದೆ ಟವೆಲನ್ನು ಬಾಗಿಲ ಮೇಲೆ ನೇತುಹಾಕುತ್ತಾಳೆ, ಕರೆದರೆ ಕಿವಿಯಲ್ಲಿ ನೀರು ಹೋಗಿದೆ ಎನ್ನುತ್ತಾಳೆ. ಆದರೆ ಒಂದೇ ಮನೆಯಲ್ಲಿ ಇಷ್ಟು ವರ್ಷ ದುರ್ಬೀನು ಹಿಡಿದು ಕೂತ ನನಗೆ ಸಿಗದ ತಪ್ಪು, ಬಸ್ಸಿನಲ್ಲಿ ನೇತಾಡಿಕೊಂಡು ಫೋನು ನೋಡುವ ನಿಮಗೆ ಸಿಕ್ಕಿಬಿಟ್ಟಿತಾ? ಅತ್ತೆ ಅನ್ನಿಸಿಕೊಂಡವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ? ಹೀಗೆ ಕೇಳಿ ಮುಲಾಮನ್ನು ಅಲ್ಲೇ ಬಿಟ್ಟು ಬಂದೆ. ಮಂಡಿ ನೋವು ಇನ್ನೂ ಇದೆ.

ಮನೆಗೆ ಬಂದ ಮೇಲೆ ತಣ್ಣಗೆ ಯೋಚಿಸಿದೆ. ನನ್ನ ಸೊಸೆ ಒಳ್ಳೆಯವಳು ಎಂದು ನಾನು ಕೂಗಿದರೆ ಯಾರು ಕೇಳುತ್ತಾರೆ, ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಚೆಕಿಂಗಿನಲ್ಲಿ ನಮಗೆ ಒಂದು ನಿಯಮ ಇತ್ತು, ಒಳಮೈ ತಿರುಗಿಸಿ ನೋಡದೆ ಯಾವ ಅಂಗಿಯನ್ನೂ ಬದಿಗೆ ಎಸೆಯಕೂಡದು. ಇದರ ಒಳಮೈ ಗೊತ್ತಿರುವುದು ಇಬ್ಬರಿಗೆ. ನೀನು ಬಾಯಿ ಬಿಡುವುದಿಲ್ಲ. ಉಳಿದದ್ದು ಆ ಮಗು, ನೀನು ಮೀನಮರಿ ಮೀನಮರಿ ಎಂದು ಊಟದ ಹೊತ್ತಿನಲ್ಲಿ ನಮ್ಮ ತಲೆ ತಿನ್ನುತ್ತಿದ್ದೆಯಲ್ಲ, ಅವಳು. ಮ್ಯಾನೇಜರನ್ನು ಕೇಳಿದೆ, ಮಗು ಏನು ಹೇಳಿತು ಎಂದು. "ಅಯ್ಯೋ, ಅದನ್ನ ಕೇಳೋದಾ? ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತೆ" ಎಂದ. ಎಲ್ಲರೂ ಮಗುವಿನ ಪರ, ಮಗುವನ್ನು ಮಾತ್ರ ಯಾರೂ ಮಾತಾಡಿಸಿಲ್ಲ! ಅವಳ ತಾಯಿ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು ಎಂದು ನೀನು ಹೇಳಿದ್ದು ನೆನಪಿತ್ತು. ಹೋದೆ.

ಅವರ ಬಗ್ಗೆ ಉಳಿದವರಂತೆ ಬರೆಯಲಾರೆ, ಗೌರವ ಬಂದಿದೆ. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನನ್ನು ಕೂರಿಸಿ, ತಾವು ನಿಂತೇ ಮಾತಾಡಿದರು. ನಾನು ಯಾರ ಅತ್ತೆ ಎಂದು ಹೇಳಿದ ಕೂಡಲೇ ಮುಖ ಬಾಗಿಲಿನಂತೆ ಮುಚ್ಚಿಕೊಂಡಿತು. ಆ ವಿಡಿಯೋ ಹಾಕಿದ್ದು ಅವರಲ್ಲ, ಅವರಿಗೂ ಯಾರೋ ಕಳಿಸಿದ್ದು. ನಂಬಿದಿರಾ ಎಂದೆ. "ಯಾಕೆ ನಂಬಬಾರದು? ಎಕ್ಸ್‌ರೇ ತೆಗೆಯೋಕೆ ಬೇರೆಯವರು ಯಾರೂ ಇಲ್ವಾ ಅಂತ ನನ್ನ ಮುಖ ನೋಡಿ ಕೇಳೋ ರೋಗಿಗಳು ವಾರಕ್ಕೊಬ್ಬರಾದ್ರೂ ಬರ್ತಾರೆ. ಆಗ ಯಾರೂ ಫೋನ್ ಎತ್ತಿ ಹಿಡಿಯಲ್ಲ" ಎಂದರು. ನಾನು ಬೆಂಚಿನಿಂದ ಎದ್ದು ನಿಂತು ಇಷ್ಟೇ ಹೇಳಿದೆ. ಭಾನುವಾರ ಮಗುವನ್ನು ಕರೆದುಕೊಂಡು ಬನ್ನಿ, ಅವಳ ಬಾಯಿಂದ ಕೇಳೋಣ. ನನ್ನ ಸೊಸೆ ಹಾಗೆ ಮಾಡಿದ್ದು ನಿಜವಾದರೆ ಅವಳನ್ನು ತೆಗೆಯಿರಿ ಎಂದು ಮೊದಲು ಕೈ ಎತ್ತುವವಳು ನಾನು. ಅವರು ತಿರುಗಿ ಮುಂದಿನ ರೋಗಿಯನ್ನು ಕರೆದರು.

ಈಗ ಭಾನುವಾರಕ್ಕೆ ಬಾ. ಕೊಳದ ಪಕ್ಕದ ದೊಡ್ಡ ಕೋಣೆ, ಪ್ಲಾಸ್ಟಿಕ್ ಕುರ್ಚಿ, ಕ್ಲೋರಿನ್ ವಾಸನೆ, ಎಲ್ಲರ ಮುಖದಲ್ಲೂ ಒಳ್ಳೆಯತನ ತುಂಬಿ ತುಳುಕುತ್ತಿದೆ. ಮ್ಯಾನೇಜರು ಗೋಡೆಯ ಮೇಲೆ ವಿಡಿಯೋ ಹಾಕಿದ. ಕೂತವರೆಲ್ಲ ಛೇ ಛೇ ಎಂದರು. ಇವರನ್ನು ಕೆಲಸದಿಂದ ತೆಗೆಯಬೇಕು ಎನ್ನುವವರು ಕೈ ಎತ್ತಿ ಎಂದ. ಕೈಗಳು ಏಳುವ ಮೊದಲೇ ನಾನು ಎದ್ದೆ, ಮಂಡಿ ಲಟಕ್ ಎಂದದ್ದು ಮೂರನೇ ಸಾಲಿಗೂ ಕೇಳಿಸಿರಬೇಕು. ನಿನ್ನ ಗಂಡ ನನ್ನ ಸೆರಗು ಹಿಡಿದು ಎಳೆದ, ಕೊಡವಿಕೊಂಡೆ. ಅವತ್ತು ಇಲ್ಲಿ ಇದ್ದವರು ಯಾರು ಎಂದು ಕೇಳಿದೆ. ಒಂದು ಕೈಯೂ ಇಲ್ಲ. ಮಗುವನ್ನು ಮಾತಾಡಿಸಿದವರು ಯಾರು? ಒಂದು ಕೈಯೂ ಇಲ್ಲ. "ಅಮ್ಮಾ, ಎಲ್ಲರೂ ಕಣ್ಣಾರೆ ನೋಡಿದ್ದಾರಲ್ಲ" ಎಂದ ಮ್ಯಾನೇಜರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ನಿಮ್ಮಜ್ಜಿ ಹೇಳಿಕೊಡಲಿಲ್ಲವೇನಪ್ಪ ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಆಸ್ಪತ್ರೆಯ ಕೋಟಿನಲ್ಲೇ ಆ ತಾಯಿ, ಅವರ ಕೈ ಹಿಡಿದುಕೊಂಡು ಮೀನಮರಿ.

ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಎಲ್ಲರೂ ಮುಚ್ಚಿಟ್ಟಿದ್ದರು. ನೀನು ರಜೆಯಲ್ಲಿದ್ದೀಯ ಎಂದುಕೊಂಡಿದ್ದಳಂತೆ. ಗೋಡೆಯ ಮೇಲೆ ತನ್ನನ್ನೇ ನೋಡಿ ಹಲ್ಲು ಬಿಟ್ಟಳು. ನಿನ್ನನ್ನು ಕೆಲಸದಿಂದ ತೆಗೆಯಲು ಕೂತಿದ್ದಾರೆ ಎಂದು ನಾನು ಹೇಳಿದಾಗ ಆ ನಗು ಮಾಯವಾಯಿತು. ಅಮ್ಮನ ಮುಖ ನೋಡಿದಳು, ನೆಲ ನೋಡಿದಳು, ಆಮೇಲೆ "ನಾನು ಉಸಿರು ಕಟ್ಟಿದ್ದೆ. ಗೆಲ್ತಾ ಇದ್ದೆ" ಎಂದಳು. ಯಾರಿಗೂ ಅರ್ಥವಾಗಲಿಲ್ಲ. ಆಗ ನಮಗೆಲ್ಲ ಪಾಠ ಮಾಡಿದಳು ನೋಡು, ಥೇಟು ನಿನ್ನ ಹಾಗೇ ಸೊಂಟದ ಮೇಲೆ ಕೈ ಇಟ್ಟುಕೊಂಡು. ಮುಖ ಮುಳುಗಿಸಿದಾಗ ಗುಳ್ಳೆ ಬಿಡುತ್ತಲೇ ಇರಬೇಕು. ಉಸಿರು ಕಟ್ಟಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂದು ಪಂದ್ಯ ಕಟ್ಟಬಾರದು, ನೀರೊಳಗೇ ಎಚ್ಚರ ತಪ್ಪಿಬಿಡುತ್ತದೆ, ಮೇಲೆ ಇರುವವರಿಗೆ ಗೊತ್ತೂ ಆಗುವುದಿಲ್ಲ. ಗುಳ್ಳೆ ಬರದಿದ್ದರೆ ಟೀಚರ್ ಎಳೆದು ಹಾಕುತ್ತಾರೆ, ಆ ದಿನವಿಡೀ ದಡದಲ್ಲಿ ಕೂರಬೇಕು. ಇದು ಎಲ್ಲರಿಗೂ ಒಂದೇ. ಆಮೇಲೆ ಸಣ್ಣ ದನಿಯಲ್ಲಿ, "ಅಮ್ಮಂಗೆ ಹೇಳಬೇಡಿ, ಈಜು ಬಿಡಿಸಿಬಿಡ್ತಾರೆ ಅಂತ ನಾನೇ ಅಂದಿದ್ದೆ. ಅವರು ಹೇಳಲ್ಲ ಅಂದಿದ್ರು" ಎಂದಳು.

ಮತ್ತೆ ಹಾಕಯ್ಯ ವಿಡಿಯೋ ಎಂದೆ ಮ್ಯಾನೇಜರಿಗೆ. ಹಾಕಿದ. ಅದೇ ವಿಡಿಯೋ, ಅದೇ ಗೋಡೆ. ಒಂದೊಂದು ತಲೆಯ ಸುತ್ತಲೂ ಅನ್ನ ಕುದಿಯುವ ಹಾಗೆ ಗುಳುಗುಳು ಗುಳ್ಳೆ. ಒಂದೇ ಒಂದು ತಲೆಯ ಸುತ್ತ ನೀರು ಗಾಜಿನ ಹಾಗೆ ನಿಂತಿದೆ. ಲಕ್ಷಾಂತರ ಜನ ನೋಡಿದ್ದರಂತೆ, ಒಬ್ಬರಿಗಾದರೂ ಕಂಡಿತ್ತಾ? ನನಗೂ ಕಂಡಿರಲಿಲ್ಲ ಬಿಡು. ಆಮೇಲೆ ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ತಟ್ಟಿದರು, ನಿನ್ನ ಗಂಡ ಮಗುವಿನ ಹಾಗೆ ಅತ್ತ. ನಾನು ಅಳಲಿಲ್ಲ, ಕಣ್ಣಿಗೆ ಕ್ಲೋರಿನ್ ಹೋಗಿತ್ತು.

ಚಪ್ಪಾಳೆಯನ್ನು ನಿಲ್ಲಿಸಿದವರು ಆ ತಾಯಿ. "ನನ್ನನ್ನೂ ಕೇಳದೆ, ನನ್ನ ಮಗಳನ್ನೂ ಕೇಳದೆ ನಮ್ಮ ಪರವಾಗಿ ಸಿಟ್ಟಾದಿರಿ. ನಾಳೆ ನಮಗೆ ನಿಜವಾಗಿ ಏನಾದ್ರೂ ಆಗಿ ನಾನು ಬಂದು ಹೇಳಿದ್ರೆ, ಇದನ್ನೇ ನೆನಪಿಟ್ಟುಕೊಂಡು ನನ್ನನ್ನ ನಂಬಲ್ಲ ನೀವು. ಇದರಲ್ಲಿ ಕಳಕೊಂಡಿದ್ದು ಟೀಚರ್ ಒಬ್ಬರೇ ಅಲ್ಲ" ಎಂದರು. ನನಗೆ ಆ ಮಾತು ಮನಸ್ಸಿನಿಂದ ಹೋಗಿಲ್ಲ, ನೀನೂ ಮರೆಯಬೇಡ.

ಇನ್ನು ಉಳಿದ ಸುದ್ದಿ. ಮ್ಯಾನೇಜರು ಎಲ್ಲರೆದುರು ಕ್ಷಮೆ ಕೇಳಿದ, ನೀನು ಯಾವತ್ತು ಬಂದರೆ ಅವತ್ತಿನಿಂದ ತರಗತಿ ನಿನ್ನದು, ಅದನ್ನು ಬರೆದು ಬಾಗಿಲಿಗೂ ಅಂಟಿಸಿದ್ದಾನೆ. ವಿಡಿಯೋ ಹಾಕಿದ ಮಹಾನುಭಾವ ಅದನ್ನು ಸದ್ದಿಲ್ಲದೆ ಅಳಿಸಿದ, ಕ್ಷಮೆ ಗಿಮೆ ಏನೂ ಇಲ್ಲ, ಈಗ ಬೇರೆ ಯಾರನ್ನೋ ಹಿಡಿದಿರುತ್ತಾನೆ. ಔಷಧಿ ಅಂಗಡಿಯಾಕೆ ಮುಲಾಮನ್ನು ಮನೆಗೇ ತಂದುಕೊಟ್ಟು "ನನಗೆ ಮೊದಲೇ ಅನುಮಾನ ಇತ್ತು" ಎಂದಳು. ಯಾವುದರ ಮೇಲೆ ಎಂದು ಕೇಳಿದೆ, ಚಪ್ಪಲಿ ಹುಡುಕಿಕೊಂಡು ಹೊರಟಳು. ನಾಲ್ಕು ದಿನದಿಂದ ಬೀದಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದೇನೆ, ಬೇಕಂತಲೇ ಅವಳ ಅಂಗಡಿಯ ಮುಂದೆ ನಿಧಾನ ಮಾಡುತ್ತೇನೆ. ಎಂಟು ವರ್ಷದ ಮಗುವಿಗೆ ಕೊಟ್ಟ ಮಾತಿಗೆ ಕೆಲಸ, ಮಾನ ಎರಡನ್ನೂ ಒತ್ತೆ ಇಟ್ಟೆಯಲ್ಲೇ, ಹುಚ್ಚಿ! ಇದನ್ನೂ ನಿನ್ನ ತಪ್ಪುಗಳ ಪಟ್ಟಿಗೆ ಸೇರಿಸೋಣ ಎಂದುಕೊಂಡೆ, ಮನಸ್ಸು ಒಪ್ಪಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದರೂ ಇಷ್ಟು ಹೆಮ್ಮೆ ಆಗುತ್ತಿರಲಿಲ್ಲ. ಇದನ್ನು ಎದುರಿಗೆ ಹೇಳುವುದಿಲ್ಲ, ಕಾಗದದಲ್ಲಿ ಓದಿಕೋ.

ನಿನ್ನಕ್ಕನಿಗೂ ಭಾವನಿಗೂ ನಾನು ಕೇಳಿದೆ ಎಂದು ಹೇಳು. ಮೈ ಗಟ್ಟಿ, ಮನಸ್ಸು ಗಟ್ಟಿ ಇರಲಿ, ನೂರು ವರ್ಷ ಬಾಳು, ಪಾತ್ರೆಗೆ ಮುಚ್ಚಳ ಹಾಕುವುದನ್ನು ಅಷ್ಟರೊಳಗೆ ಕಲಿ.

ಇಂತು,
ನಿನ್ನ ತಪ್ಪುಗಳನ್ನೆಲ್ಲ ಬಲ್ಲ
ಅತ್ತೆ

ಮರೆತ ಮಾತಲ್ಲ, ಈಗಷ್ಟೇ ಬಂದ ಸುದ್ದಿ: ಮಡಿಸಿಟ್ಟ ಕಾಗದ ಮತ್ತೆ ಬಿಚ್ಚಿದ್ದೇನೆ, ನಿನ್ನ ಗಂಡ ಚಪ್ಪಲಿ ಹಾಕಿಕೊಂಡು ನಿಂತಿದ್ದಾನೆ. ಮೀನಮರಿಯ ಅಮ್ಮ ಇದೀಗ ಬಂದು ಹೋದರು. ಇವತ್ತು ಬೆಳಿಗ್ಗೆ ತರಗತಿಯಲ್ಲಿ ಇನ್ನೊಂದು ಮಗು ಉಸಿರು ಕಟ್ಟಿತಂತೆ. ನಿನ್ನ ಬದಲಿಗೆ ಬಂದಿರುವ ಹೊಸ ಮೇಷ್ಟ್ರು ದಡದಲ್ಲಿ ನಿಂತು ಹೆಸರು ಹಿಡಿದು ಕೂಗಿದರಂತೆ, ಮತ್ತೆ ಕೂಗಿದರಂತೆ, ಬಗ್ಗಿ ಕೈ ಹಾಕಲಿಲ್ಲವಂತೆ. ಮೀನಮರಿಯೇ "ಗುಳ್ಳೆ ಇಲ್ಲ!" ಎಂದು ಕಿರುಚಿ, ಆ ಮಗುವಿನ ರಟ್ಟೆ ಹಿಡಿದು ಎಳೆದು ತಂದಳು. ಮಗು ಕೆಮ್ಮಿತು, ಉಸಿರಾಡಿತು, ಚೆನ್ನಾಗಿದೆ. ಯಾಕೆ ಎಳೆಯಲಿಲ್ಲ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ಬೆಂಚಿನ ಮೇಲೆ ಯಾರೋ ಫೋನ್ ಹಿಡಿದಿದ್ರು" ಎಂದರಂತೆ. ನಿನ್ನ ಗಂಡನ ಹತ್ತಿರ ವಾಪಸು ಬರಲು ಎರಡು ಟಿಕೆಟ್ ಇದೆ. ಯಾವ ಮಗುವಿನ ಕೈಯನ್ನೂ ಹಿಡಿಯುವುದಿಲ್ಲ ಎಂದೆಯಲ್ಲ, ಆ ಮಾತನ್ನು ಅಲ್ಲೇ ಬಿಟ್ಟು ಇವತ್ತೇ ಹೊರಡು.